ಕೈ ನಿಂತ ಕಡೆ

ಸತ್ತ ಅತ್ತಿಗೆಯ ರವಿಕೆ ತೋಳಿಗೆ ಕಳಚಿದ್ದ ಗುಂಡಿ ಹೊಲಿದು, ದಾರ ಕಚ್ಚಲು ಬಾಗಿದ ನಾದಿನಿ ಆ ತಣ್ಣನೆಯ ಮಣಿಕಟ್ಟಿನ ಹತ್ತಿರ ಬಂದು ತಡೆದು ನಿಂತಳು.

"ಕತ್ತರಿ ಕೊಡೇ," ಎಂದಳು.

ಅಣ್ಣನ ಮಗಳು ಕತ್ತರಿ ತಂದಳು. ನಿನ್ನೆಯಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದಳು. "ಆವತ್ತು ಸಂಜೆ ಕಿಟಕಿ ಹಾಕೋದು ಮರ್ತೆ, ಅತ್ತೆ. ಅದೇ ಗಾಳಿಗೆ ಅಮ್ಮಂಗೆ ಕೆಮ್ಮು ಏರಿದ್ದು."

"ಸುಮ್ನಿರು. ಎರಡು ವರ್ಷದ ಕಾಯಿಲೆ ಅದು."

"ಹಿಂದಿನ ದಿನ ಎದ್ದು ಕೂತಿದ್ಲಲ್ಲ!"

ನಾದಿನಿ ತೋಳಿನ ಸುಕ್ಕು ನೇವರಿಸಿದಳು.

ಹಜಾರದಲ್ಲಿ ಕುರ್ಚಿ ಸಾಲದೆ ಕೆಲವರು ನಿಂತಿದ್ದರು.

"ಟೀಚರ್ ಅದೇನೋ ಪುಸ್ತಕ ಬರೀತಿದ್ರಂತಲ್ಲ, ಏನದು?" ಪಕ್ಕದ ಮನೆಯಾಕೆ ಪಿಸುಗುಟ್ಟಿದಳು.

"ನನ್ನ ಕೇಳಿ," ಎಂದ ಬಸ್ ಡ್ರೈವರ್. "ಮುಂದೆ ಎಲ್ಲೋ ಒಬ್ಬ ಸುಮ್ನೆ ಬ್ರೇಕ್ ಮುಟ್ತಾನೆ. ಹಿಂದಿನವನು ಇನ್ನಷ್ಟು ಒತ್ತುತಾನೆ. ಅರ್ಧ ಮೈಲಿ ಹಿಂದೆ ನಾನು ಪೂರ್ತಿ ನಿಂತಿರ್ತೀನಿ. ಹೋಗಿ ನೋಡಿದ್ರೆ ಅಲ್ಲಿ ಏನೂ ಇಲ್ಲ! ಕಣ್ಣಿಗೇ ಕಾಣದವನನ್ನ ಇಪ್ಪತ್ತು ವರ್ಷ ಬೈದಿದ್ದೀನಿ. ಅದು ಯಾರ ತಪ್ಪೂ ಅಲ್ಲ ಅಂತ ಪೇಪರಲ್ಲಿ ಅವರು ಬರೆದ ಮೇಲೇ ಬೈಯೋದು ಬಿಟ್ಟಿದ್ದು."

"ನಿನ್ನ ಬಾಯಿ ನಿಲ್ಲಿಸಿದ್ರು ಅಂದ್ರೆ ದೊಡ್ಡ ವಿದ್ವಾಂಸರೇ ಬಿಡಪ್ಪ," ಎಂದರು ಯಾರೋ. ನಗು ಎದ್ದಷ್ಟೇ ಬೇಗ ಅಡಗಿತು.

ಪುಸ್ತಕದ ಸಂಪಾದಕ ಬಾಗಿಲಲ್ಲೇ ನಾದಿನಿಯನ್ನು ಹಿಡಿದ. "ನೀವೇ ಅಲ್ವಾ 'ಸೂಜಿ'? ಟೀಚರ್ ಯಾವಾಗ್ಲೂ ಆ ಹೆಸರೇ ಹೇಳೋರು. ಇಂಥ ದಿನ ಕೇಳಬಾರದು, ಆದ್ರೂ... ಕೊನೇ ಅಧ್ಯಾಯಕ್ಕೂ ನಿಮ್ಮ ಸರಿ ಗುರುತು ಇದೆ. ಹಾಗೇ ಅಚ್ಚಿಗೆ ಕಳಿಸ್ಲಾ?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಸಂಜೆ ಹೇಳ್ತೀನಿ," ಎಂದಳು.

*

ಇರುವೆ ಸಾಲು, ಹಕ್ಕಿ ಹಿಂಡು, ವಾಹನಗಳ ಜಂಗುಳಿ: ಮೇಲೊಬ್ಬ ಯಜಮಾನನಿಲ್ಲದೆ ತಮ್ಮಷ್ಟಕ್ಕೆ ತಾವೇ ನಡೆಯುವ ಸಂಕೀರ್ಣ ವ್ಯವಸ್ಥೆಗಳ ಬಗ್ಗೆ ಅತ್ತಿಗೆ ಬರೆಯುತ್ತಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟು ಹೊಲಿಗೆಗೆ ಕೂತ ನಾದಿನಿಗೆ ಓದಿ ಹೇಳದೆ ಒಂದು ಪುಟವೂ ಮನೆ ದಾಟುತ್ತಿರಲಿಲ್ಲ. ನಾದಿನಿ ಅಂಚು ಹೊಲಿಯುತ್ತ ಕೇಳಬೇಕು.

"ಅರ್ಥ ಆಯ್ತಾ ಅಂದ್ರೆ ಎಲ್ಲರೂ ತಲೆ ಆಡಿಸ್ತಾರೆ ಕಣೇ. ಮೂವತ್ತು ವರ್ಷ ಪಾಠ ಮಾಡಿ ನೋಡಿದೀನಿ. ಕೈ ಸುಳ್ಳು ಹೇಳಲ್ಲ," ಅನ್ನುತ್ತಿದ್ದಳು ಅತ್ತಿಗೆ.

ಅರ್ಥವಾಗದೆ ನಾದಿನಿಯ ಕೈ ನಿಂತ ಕಡೆ ಪೆನ್ಸಿಲ್ ಗೆರೆ ಬೀಳುತ್ತಿತ್ತು. ಮರುದಿನ ಆ ಸಾಲು ಬೇರೆಯಾಗಿರುತ್ತಿತ್ತು. ಕೈ ನಿಲ್ಲದೆ ಮುಗಿದರೆ ಅಧ್ಯಾಯದ ಕೆಳಗೆ ನಾದಿನಿಯೇ ಸರಿ ಗುರುತು ಹಾಕಬೇಕು.

ಕೊನೆಯ ಅಧ್ಯಾಯವನ್ನು ಅತ್ತಿಗೆ ದಿಂಬಿಗೆ ಒರಗಿ ಓದಿದಳು, ಸಾಲಿಗೊಮ್ಮೆ ಉಸಿರು ಹುಡುಕಿಕೊಳ್ಳುತ್ತ. ಕಬ್ಬಿಣದ ಕಡಲೆ. ಮತ್ತೆ ಬರೆಯಲು ಅವಳಿಗೆ ದಿನಗಳಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾದಿನಿ ಕೈ ನಿಲ್ಲಿಸಲಿಲ್ಲ.

"ಒಂದು ಸಲಾನೂ ನಿಲ್ಲಲಿಲ್ಲ ನೋಡು!" ಅತ್ತಿಗೆ ಮಗುವಿನ ಹಾಗೆ ನಕ್ಕಳು. ಗುರುತು ಹಾಕಿಸಿಕೊಂಡು ಕಣ್ಣು ಮುಚ್ಚಿದಳು.

ಆಮೇಲೆ ನಾದಿನಿ ಮಡಿಲಲ್ಲಿದ್ದ ಪ್ಯಾಂಟು ಎತ್ತಿ ನೋಡಿದರೆ, ಒಂದು ಕಾಲಿನ ತುದಿಯನ್ನು ಈ ಪದರವನ್ನು ಆ ಪದರಕ್ಕೆ ಸೇರಿಸಿ ಪೂರ್ತಿ ಮುಚ್ಚಿ ಹೊಲಿದುಬಿಟ್ಟಿದ್ದಳು.

*

ಸ್ಮಶಾನದಿಂದ ಮರಳಿ, ಬಂದವರೆಲ್ಲ ಚದುರಿದ ಮೇಲೆ, ಅರ್ಥವಾಗದೆಯೂ ಗುರುತು ಹಾಕಿದ್ದನ್ನು ಅವಳು ಅಣ್ಣನ ಮಗಳಿಗೆ ಹೇಳಿದಳು.

"ಅಮ್ಮ ನಂಬಿದ್ಲು, ಅತ್ತೆ."

"ಹೂಂ."

"ಹಾಗೇ ಬಿಟ್ರೆ ಯಾರಿಗೆ ಗೊತ್ತಾಗತ್ತೆ?"

"ಓದೋನಿಗೆ ಗೊತ್ತಾಗತ್ತೆ. ನನಗೆ ಬುದ್ಧಿ ಇಲ್ಲ ಅಂದ್ಕೊಂಡು ಪುಸ್ತಕ ಮುಚ್ಚಿಡ್ತಾನೆ. ನಾನೂ ಹಾಗೇ ಅಂದ್ಕೊಂಡೇ ಶಾಲೆ ಬಿಟ್ಟಿದ್ದು." ಅತ್ತಿಗೆಯ ಕೋಣೆಯ ಕಿಟಕಿಗೆಂದು ಅರ್ಧ ಹೊಲಿದಿಟ್ಟಿದ್ದ ಪರದೆಯನ್ನು ಎಳೆದುಕೊಂಡಳು. "ಓದು."

ಮಗಳು ಹಾಳೆ ಹಿಡಿದಳು. "ವ್ಯವಸ್ಥೆಯು ನಿರ್ಣಾಯಕ ಸ್ಥಿತಿಯನ್ನು ತಲುಪಿದಾಗ, ಪ್ರಚೋದನೆಯ ಗಾತ್ರಕ್ಕೂ ಪರಿಣಾಮದ ಗಾತ್ರಕ್ಕೂ ಅನುಪಾತವಿರುವುದಿಲ್ಲ."

ಕೈ ನಿಂತಿತು.

"ಯಾವುದರ ವಿಷಯ ಅದು?"

"ಕಾಳಿನ ರಾಶಿ. ಒಂದೊಂದೇ ಕಾಳು ಬಿಡ್ತಾ ಹೋದ್ರೆ ಏರತ್ತೆ. ಆಮೇಲೆ ಯಾವುದೋ ಒಂದಕ್ಕೆ ಎಲ್ಲಾ ಜರಿಯತ್ತೆ."

"ಆ ಕಾಳು ದಪ್ಪ ಇರತ್ತಾ?"

"ಇಲ್ಲ. ಎಲ್ಲದರ ಹಾಗೇ."

"ಹಾಗಂತಲೇ ಬರಿ, ಮತ್ತೆ."

ಮಗಳು ಸಾಲನ್ನು ಹೊಡೆದುಹಾಕಿ, ಅಮ್ಮನ ಮೊಂಡು ಪೆನ್ಸಿಲಿನಿಂದ ಅಂಚಿನಲ್ಲಿ ಬರೆಯತೊಡಗಿದಳು, ಬರೆದದ್ದನ್ನೇ ಗಟ್ಟಿಯಾಗಿ ಹೇಳುತ್ತ. "ರಾಶಿ ಆಗಲೇ ಜರಿಯುವಷ್ಟು ಏರಿತ್ತು. ಕೊನೆಗೆ ಬಿದ್ದ ಕಾಳು ಉಳಿದ ಕಾಳುಗಳಿಗಿಂತ ಭಾರವೇನೂ..."

ಪರದೆಯ ಅಂಚಿನಲ್ಲಿ ಸೂಜಿ ಸರಾಗವಾಗಿ ಓಡುತ್ತಿತ್ತು. ನಿಂತದ್ದು ಪೆನ್ಸಿಲ್.