ಮೂಗಣ್ಣ ಮತ್ತು ನಾಲ್ಕು ವೈರಿನ ಸೆನ್ಸರ್

ಆ ಬೀದಿಯಲ್ಲಿ ಎಲ್ಲರೂ ಅವನನ್ನು ಮೂಗಣ್ಣ ಎಂದೇ ಕರೆಯುತ್ತಿದ್ದರು. ಹೊಸ ಗಿರಾಕಿಗಳು ಪಾಪ, ಮಾತು ಬಾರದವನೆಂದುಕೊಂಡು ಕೈಸನ್ನೆಯಲ್ಲೇ ಗಾಡಿಯ ತೊಂದರೆ ವಿವರಿಸಲು ಹೊರಡುತ್ತಿದ್ದರು. ಅವನೂ ಗಂಭೀರವಾಗಿ ತಲೆಯಾಡಿಸುತ್ತ ನಿಂತಿದ್ದು, ಆಮೇಲೆ ಬಾಯಿಬಿಟ್ಟು ಅವರನ್ನು ಬೆಚ್ಚಿಬೀಳಿಸುತ್ತಿದ್ದ. ಹೆಸರು ಬಂದದ್ದು ಅವನ ಮೂಗಿನಿಂದ. ಎಂಜಿನ್ ಓಡುತ್ತಿರುವಾಗ ಸೈಲೆನ್ಸರಿನ ಹಿಂದೆ ಬಗ್ಗಿ ಒಮ್ಮೆ ಮೂಸಿದನೆಂದರೆ ಸಾಕು, ಪೆಟ್ರೋಲು ಹೆಚ್ಚಾಗಿದೆಯೋ ಗಾಳಿ ಹೆಚ್ಚಾಗಿದೆಯೋ ಹೇಳಿಬಿಡುತ್ತಿದ್ದ. ಕಾರ್ಬ್ಯುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಎಂಜಿನ್ ಹೊಟ್ಟೆ ತುಂಬಿದ ಮಗುವಿನಂತೆ ಸುಮ್ಮನಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಅವನಿಗೆ ಜ್ವರ ಬಂತು. ಹೋಗುವಾಗ ಅದು ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ತಿರುಗಿ ಬರಲೂಬಹುದು, ಬಾರದಿರಲೂಬಹುದು ಎಂದರು ಡಾಕ್ಟರು. ಮೂಗಣ್ಣ ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ, ಅವನ ರಿಪೇರಿ ಶೆಡ್ಡಿನ ಇನ್ನರ್ಧದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ತಂಗಿಗೂ ಇಲ್ಲ. ಮೊದಲಿನಂತೆಯೇ ಸೈಲೆನ್ಸರಿನ ಹಿಂದೆ ಬಗ್ಗುತ್ತಿದ್ದ, ಮೂಸುತ್ತಿದ್ದ, ಹುಬ್ಬು ಗಂಟಿಕ್ಕುತ್ತಿದ್ದ. ಆಮೇಲೆ ಅಂದಾಜಿನ ಮೇಲೆ ತಿರುಪು ತಿರುಗಿಸುತ್ತಿದ್ದ. ಕೆಲವು ಗಾಡಿಗಳು ಸರಿಹೋದವು, ಕೆಲವು ತಿರುಗಿ ಬಂದವು.

ಹಾಗೆ ಎರಡನೇ ಸಲ ತಿರುಗಿ ಬಂದದ್ದು ಟ್ಯಾಕ್ಸಿ ಓಡಿಸುವ ಒಬ್ಬ ಹೆಂಗಸಿನ ಹಳೆಯ ಕಾರು. ಏರಿನಲ್ಲಿ, ಅದೂ ತಿರುವಿನ ನಟ್ಟನಡುವೆ, ಉಸಿರು ಕಟ್ಟಿದಂತಾಗಿ ನಿಂತುಹೋಗಿತ್ತಂತೆ. ಹಿಂದಿನ ಸೀಟಿನಲ್ಲಿ ಗರ್ಭಿಣಿಯೊಬ್ಬಳು ಆಸ್ಪತ್ರೆಗೆ ಹೊರಟಿದ್ದಳಂತೆ. ದಾರಿಹೋಕರು ತಳ್ಳಿಕೊಟ್ಟದ್ದರಿಂದ ಹೇಗೋ ತಲುಪಿದರು. ಇಷ್ಟನ್ನೂ ಆಕೆ ಒಂದಿಷ್ಟೂ ದನಿ ಏರಿಸದೆ ಹೇಳಿದಳು.

"ನಿಮ್ಮ ಕೈಯಲ್ಲಿ ತಪ್ಪಾಗಲ್ಲ ಬಿಡಿ. ಗಾಡಿಗೇ ವಯಸ್ಸಾಯ್ತೇನೋ," ಎಂದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೂಗಣ್ಣ ಆಕೆಯ ಮುಖ ನೋಡದೆ ಕೀ ಇಸಿದುಕೊಂಡ.

ಆಕೆ ಹೋದ ಮೇಲೆ ಎಂಜಿನ್ ಚಾಲೂ ಮಾಡಿ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದ. ಅಷ್ಟರಲ್ಲಿ ತಂಗಿ ಮೂಗಿಗೆ ಸೆರಗು ಹಿಡಿದು ಓಡಿಬಂದವಳೇ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಪೆಟ್ರೋಲಿನ ರಬ್ಬರ್ ಪೈಪು ಸೀಳಿತ್ತು. ಕಾದ ಎಂಜಿನ್ನಿನ ಮೇಲೆಯೇ ಹನಿ ತೊಟ್ಟಿಕ್ಕುತ್ತಿತ್ತು, ಅವನ ಗಲ್ಲದಿಂದ ಗೇಣುದ್ದ ದೂರದಲ್ಲಿ.

"ಅಣ್ಣಾ, ಇಡೀ ಶೆಡ್ಡು ಪೆಟ್ರೋಲು ನಾರ್ತಿದೆ. ನಿಂಗೆ ವಾಸನೆ ಬರ್ತಿಲ್ವಾ?"

ಅವನು ಪೈಪನ್ನು ನೋಡಿದ, ತಂಗಿಯನ್ನು ನೋಡಿದ. ಏನಾದರೊಂದು ನೆಪ ಹೇಳಬಹುದಿತ್ತು. ಹೇಳಲಿಲ್ಲ. ಮೂಲೆಯ ಟೈರಿನ ಮೇಲೆ ಹೋಗಿ ಕೂತ.

"ಇಲ್ಲ ಪುಟ್ಟಿ. ಜ್ವರ ಬಂದಾಗಿನಿಂದ ಏನೂ ಬರ್ತಿಲ್ಲ."

ತಂಗಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಚೆಲ್ಲಿದ್ದನ್ನು ಒರೆಸಿ, ಅವನ ಪಕ್ಕದಲ್ಲೇ ಕೂತಳು. ಹಿಂದೊಮ್ಮೆ ಅವಳೇ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಹಾಕಿ ಟ್ಯೂನ್ ಮಾಡೋಣವೆಂದಾಗ, ನನ್ನ ಮೂಗಿಗಿಂತ ತಂತಿ ಕಟ್ಟಿದ ಮೂಗು ದೊಡ್ಡದೇನು ಎಂದು ಅವನು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದ. ಆ ನಗುವಿನ ಮಾತನ್ನು ಅವಳು ಎತ್ತಲೇ ಇಲ್ಲ. ನಾಳೆ ಪೈಪು ಬದಲಾಯಿಸು, ಆಮೇಲೆ ನಾನು ಸೆನ್ಸರ್ ತರ್ತೀನಿ ಎಂದಷ್ಟೇ ಹೇಳಿದಳು.

ಮಾರನೆಯ ದಿನ ಹೊಸ ರಬ್ಬರ್ ಪೈಪು ಹಾಕಿದ್ದಾಯಿತು. ಎದುರು ಅಂಗಡಿಯ ವೆಲ್ಡರು ಹೊಗೆ ಕೊಳವೆಗೆ ತೂತು ಕೊರೆದು ದಪ್ಪ ನಟ್ಟೊಂದನ್ನು ಬೆಸೆದುಕೊಟ್ಟ. ಒಳಗಿನ ನೀರಿನ ಹನಿ ಸೆನ್ಸರಿನಲ್ಲಿ ನಿಲ್ಲದಂತೆ ಅದು ಮೇಲ್ಮುಖವಾಗಿ ಓರೆಯಾಗಿರಬೇಕೆಂದು ತಂಗಿ ನಿಂತು ಮಾಡಿಸಿದಳು. ಸೆನ್ಸರಿನ ಬಾಲದಲ್ಲಿ ನಾಲ್ಕು ವೈರುಗಳಿದ್ದವು. ಎರಡು ಬಿಳಿಯವು ಒಳಗಿನ ಹೀಟರಿನವು, ಬೂದುಬಣ್ಣದ್ದು ಅರ್ಥಿಂಗ್, ಕರಿಯದು ತಂಗಿ ತಂದ ಮೀಟರಿಗೆ ಸುದ್ದಿ ಒಯ್ಯುವುದು.

"ಚೆನ್ನಾಗಿ ಕಾಯೋವರೆಗೂ ಇದು ಬಾಯಿ ಬಿಡಲ್ಲ," ಎಂದಳು ತಂಗಿ. "ಗಾಡಿ ನಿಂತಲ್ಲೇ ಎಂಜಿನ್ ಓಡೋವಾಗ ಹೊಗೆಯ ಬಿಸಿ ಸಾಲಲ್ಲ, ಅದಕ್ಕೇ ಈ ಹೀಟರು. ಕೀ ಹಾಕಿದಾಗ ಮಾತ್ರ ಅದಕ್ಕೆ ಕರೆಂಟು ಹೋಗಬೇಕು. ಬ್ಯಾಟರಿಗೆ ನೇರ ಕೊಟ್ರೆ ಬೆಳಗಾಗೋದ್ರೊಳಗೆ ಬ್ಯಾಟರಿ ಮಲಗಿರುತ್ತೆ."

ಕೀ ಹಾಕಿದಾಗ ಮಾತ್ರ ಕರೆಂಟು ಬಿಡುವ ರಿಲೇ, ಫ್ಯೂಸು ಎಲ್ಲ ಕೂಡಿಸಿ, ವೈರುಗಳು ಬಿಸಿ ಕೊಳವೆಗೆ ತಾಗದಂತೆ ಬಿಗಿದು ಕಟ್ಟಿದಳು. ಎಂಜಿನ್ ಓಡಿತು. ಸ್ವಲ್ಪ ಹೊತ್ತು ಮೀಟರಿನ ಮುಳ್ಳು ನಿದ್ದೆಯಲ್ಲಿತ್ತು, ಆಮೇಲೆ ಎದ್ದಿತು. ಆದರೆ ಎದ್ದದ್ದು ಬಹಳ ಕಡಿಮೆ. ಕೆಳಗಿದ್ದರೆ ಗಾಳಿ ಹೆಚ್ಚು, ಮೇಲೇರಿದರೆ ಪೆಟ್ರೋಲು ಹೆಚ್ಚು ಎಂದು ಅವಳು ಹೇಳಿಕೊಟ್ಟಿದ್ದಳು. ಮೂಗಣ್ಣ ತಿರುಪು ಸಡಿಲಿಸಿ ಪೆಟ್ರೋಲು ಹೆಚ್ಚಿಸಿದ. ಮುಳ್ಳು ಮಿಸುಕಲಿಲ್ಲ. ಇನ್ನಷ್ಟು ಹೆಚ್ಚಿಸಿದ. ಸೈಲೆನ್ಸರಿನಿಂದ ಕಪ್ಪು ಹೊಗೆ ಬಂತು, ಎಂಜಿನ್ ಕುಂಟತೊಡಗಿತು. ಮೀಟರು ಮಾತ್ರ ಗಾಳಿ ಹೆಚ್ಚಾಯಿತೆಂದೇ ಹಟ ಹಿಡಿದಿತ್ತು.

ತಂಗಿಯ ಮುಖ ಸಣ್ಣಗಾಯಿತು. ಒಂದೊಂದೇ ವೈರು ಬಿಚ್ಚಿ ನೋಡಿದಳು, ಎಲ್ಲವೂ ಸರಿಯಿದ್ದವು. ಅಣ್ಣನಿಗೆ ಇದ್ದ ಅಷ್ಟಿಷ್ಟು ಧೈರ್ಯವನ್ನೂ ತಾನೇ ಕಳೆದೆನೇನೋ ಎಂಬ ಆತಂಕ ಅವಳಿಗೆ; ಬಿಚ್ಚಿ ನೋಡಿದ ವೈರುಗಳನ್ನೇ ಮತ್ತೆ ಬಿಚ್ಚತೊಡಗಿದಳು. ಮೂಗಣ್ಣ ಅದನ್ನು ನೋಡಿದ. ಮೊದಲ ಬಾರಿಗೆ ಅವನಿಗೆ ತನ್ನ ಚಿಂತೆ ಮರೆತುಹೋಯಿತು.

ಅವನು ರಬ್ಬರ್ ಕೊಳವೆಯ ತುಂಡೊಂದನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಎಂಜಿನ್ನಿನ ಸುತ್ತ ಆಡಿಸುತ್ತ ಹೋದ. ಹೊಗೆ ಕೊಳವೆ ಎಂಜಿನ್ನಿಗೆ ಕೂಡುವ ಕಡೆ ಬಂದಾಗ ನಿಂತ. ಅಲ್ಲಿ ಸಣ್ಣಗೆ, ನಾಲಗೆ ಲೊಚಗುಟ್ಟಿದಂತೆ ಸದ್ದು.

"ಪುಟ್ಟಿ, ನಿನ್ನ ವೈರಿಂಗ್ ತಪ್ಪಿಲ್ಲ. ಇಲ್ಲಿ ಗ್ಯಾಸ್ಕೆಟ್ ಹೋಗಿದೆ. ಈ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳ್ಕೊಳ್ತಿದೆ, ಸೆನ್ಸರ್ ಪಾಪ ಅದನ್ನೇ ಹೇಳ್ತಿದೆ."

ತಂಗಿ ಕೊಳವೆ ಕಿವಿಗಿಟ್ಟು ಕೇಳಿದಳು. ಅವಳಿಗೆ ಏನೂ ಕೇಳಿಸಲಿಲ್ಲ. ಆದರೂ ಹೌದೆಂದಳು, ಆಮೇಲೆ ಇಬ್ಬರಿಗೂ ನಗು ಬಂತು.

ಸಂದು ಮುಚ್ಚುವ ಆ ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ಮುಳ್ಳು ಸಟ್ಟನೆ ಮೇಲೇರಿತು. ಅವನು ತಿರುಪನ್ನು ಮೆಲ್ಲಗೆ ಹಿಂದಕ್ಕೆ ತಂದ; ಹೊಗೆ ತಿಳಿಯಾಯಿತು, ಎಂಜಿನ್ನಿನ ಸದ್ದು ಒಂದೇ ಸಮನಾಯಿತು. ತಂಗಿಯನ್ನು ಪಕ್ಕದಲ್ಲಿ ಮೀಟರು ಹಿಡಿದು ಕೂರಿಸಿಕೊಂಡು ಅದೇ ಏರಿನಲ್ಲಿ ಮೂರು ಸಲ ಹತ್ತಿಸಿ ಇಳಿಸಿದ. ಎಲ್ಲೂ ನಿಲ್ಲಲಿಲ್ಲ.

ಸಂಜೆ ಟ್ಯಾಕ್ಸಿಯಾಕೆ ಬಂದಾಗ ಮೂಗಣ್ಣ ಮೊದಲು ಹೇಳಿದ್ದು, ಎರಡು ಸಲವೂ ತಪ್ಪು ತನ್ನದೇ, ಗಾಡಿಯ ವಯಸ್ಸಿನದಲ್ಲ ಎಂದು. ತನ್ನ ಮೂಗು ಕೆಲಸ ಮಾಡುತ್ತಿಲ್ಲವೆಂಬುದನ್ನೂ ಹೇಳಿದ. ಆಕೆ ಕೀ ತೆಗೆದುಕೊಂಡಳು. ಆ ಗರ್ಭಿಣಿಗೆ ಹೆಣ್ಣುಮಗು ಆಯಿತು, ಇಬ್ಬರೂ ಚೆನ್ನಾಗಿದ್ದಾರೆ, ನೀವು ಕೊರಗಬೇಡಿ ಎಂದು ಹೇಳಿ ಹೋದಳು.

ಮನೆಗೆ ಹೋದವನು ಹೆಂಡತಿಗೂ ಹೇಳಬೇಕೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವಳು ತಿರುಗಿ ನೋಡದೆಯೇ, "ನಂಗೊತ್ತು," ಎಂದಳು. "ಒಗ್ಗರಣೆ ವಾಸನೆ ಹಿಡಿದು, ಒಲೆ ಮೇಲೆ ಏನಿದೆ ಅಂತ ಕೇಳ್ಕೊಂಡು ಬರೋದನ್ನೇ ಬಿಟ್ಟಿದ್ರಲ್ಲ. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ."

ಅವನು ಒಳಗೆ ಬಂದು ಅವಳ ಪಕ್ಕ ನಿಂತ. ಒಲೆ ಮೇಲೆ ಏನಿದೆ ಎಂದು ಕೇಳಿದ. ಅವಳು ಮುಚ್ಚಳ ಸರಿಸಿ, ಈರುಳ್ಳಿ ಈಗಷ್ಟೇ ಕೆಂಪಗಾಗಿದೆ ಎಂದು ಶುರುಮಾಡಿ, ಒಂದೊಂದನ್ನೇ ನಿಧಾನವಾಗಿ ಹೇಳುತ್ತ ಹೋದಳು.