ಎಂಟು ದೋಸೆಯ ಕಾವಲಿ

ಬೈಕುಲ್ಲಾ ಸ್ಟೇಷನ್ನಿನ ಹತ್ತಿರದ ರೋಶನ್ ಶೆಟ್ಟರ ಹೋಟೆಲಿಗೆ ಕಂಪ್ಯೂಟರು ಬಂದ ಮೂರನೆಯ ದಿನಕ್ಕೇ ಗಿರಾಕಿಗಳು ನೀರು ಕುಡಿದು ಎದ್ದು ಹೋಗತೊಡಗಿದರು. ಇಡ್ಲಿ ಬರುತ್ತಿತ್ತು, ಚಹಾ ಬರುತ್ತಿತ್ತು, ದೋಸೆ ಮಾತ್ರ ಬರುತ್ತಿರಲಿಲ್ಲ.

ಆ ಕಂಪ್ಯೂಟರು ಕೂರಿಸಿದವಳು ಮಾಧುರಿ. ಧಾರವಾಡದಿಂದ ಮುಲುಂಡಿಗೆ ಸೊಸೆಯಾಗಿ ಬಂದವಳು. ಮಗ ಹುಟ್ಟಿದ ಮೇಲೆ ಒಂಬತ್ತು ವರ್ಷ ಮನೆಯಲ್ಲೇ ಇದ್ದು, ಈಗ ಹೋಟೆಲುಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವ ಕಂಪನಿಯೊಂದಕ್ಕೆ ಸೇರಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಬ್ಬಳೇ ವಹಿಸಿಕೊಂಡ ಮೊದಲ ಹೋಟೆಲು ಇದು.

ಮೊದಲೆಲ್ಲ ವೇಟರುಗಳು ಅಡುಗೆಮನೆಯ ಕಿಟಕಿಗೆ ಬಂದು ಕೂಗುತ್ತಿದ್ದರು. ಈಗ ಮೇಜಿನ ಹತ್ತಿರವೇ ನಿಂತು ಮೊಬೈಲು ಒತ್ತಿದರೆ ಸಾಕು, ಕಾವಲಿಯ ಎದುರಿನ ಪರದೆಯ ಮೇಲೆ ಮೇಜಿನ ನಂಬರು, ತಿಂಡಿಯ ಹೆಸರು ಮೂಡುತ್ತಿದ್ದವು. ಆರು ನಿಮಿಷ ದಾಟಿದರೆ ಸಾಲು ಕೆಂಪಾಗುತ್ತಿತ್ತು.

ಮಧ್ಯಾಹ್ನದ ಗದ್ದಲ ಶುರುವಾಗುವ ಮುಂಚೆ ರೋಶನ್ ಅವಳನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕರೆದ.

“ನೋಡಿ ಮೇಡಂ, ನಿಮ್ಮ ಮಷೀನೇ ಹೇಳ್ತದೆ. ಕೆಂಪು ಬರುದೆಲ್ಲ ದೋಸೆಯ ದೂಜಣ್ಣಂದೇ. ವಯಸ್ಸಾಯ್ತಲ್ಲ. ಸೋಮವಾರದಿಂದ ಅವರನ್ನು ಹಿಂದೆ ರುಬ್ಬುವಲ್ಲಿಗೆ ಹಾಕ್ತೇನೆ. ವಿಲೆ ಪಾರ್ಲೆಯಲ್ಲಿ ಒಬ್ಬ ದೋಸೆಯವ ಇದ್ದಾನೆ, ಅವನಿಗೆ ಸ್ಕ್ರೀನ್ ಎಲ್ಲ ಗೊತ್ತುಂಟು.”

“ಕಾಕಾಗ ಹೇಳೀರೇನ್ರಿ?”

“ಅದೇ ಕಷ್ಟ. ನನ್ನ ಅಪ್ಪನ ಕಾಲದವರು, ಮುಖ ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ರಿಪೋರ್ಟಿನಲ್ಲಿ ಬರೆದು ಕೊಡಿ, ಸಿಸ್ಟಮ್ ಸರಿ ಉಂಟು, ಮನುಷ್ಯ ಸ್ಲೋ ಅಂತ. ಅದನ್ನೇ ತೋರಿಸಿಬಿಡ್ತೇನೆ.”

ಮಾಧುರಿಗೂ ಅದರಲ್ಲಿ ಅನುಕೂಲವೇ ಇತ್ತು. ಕಂಪನಿಗೆ ಕಳಿಸುವ ವರದಿಯಲ್ಲಿ ತೊಂದರೆ ಯಾರಿಂದ ಎಂಬ ಪ್ರಶ್ನೆ ಇರುತ್ತದೆ. ‘ಬಳಸುವವರಿಂದ’ ಎಂದು ಒತ್ತಿದರೆ ಅವಳ ಮೇಲೆ ಏನೂ ಬರುವುದಿಲ್ಲ. “ಊಟದ ಹೊತ್ತು ಮುಗೀಲ್ರಿ, ಬರೀತೇನಿ” ಎಂದು ಹೇಳಿ ಅಡುಗೆಮನೆಗೆ ಹೋದಳು.

ದೂಜಣ್ಣನಿಗೆ ಅರವತ್ತರ ಹತ್ತಿರ. ಅದೇ ಕಾವಲಿಯ ಮುಂದೆ ಮೂವತ್ತೊಂದು ವರ್ಷ ನಿಂತವನು. ಈಗ ಪರದೆಯನ್ನೇ ನೋಡುತ್ತ, ಪರೀಕ್ಷೆಗೆ ಕೂತ ಮಕ್ಕಳ ಹಾಗೆ ತುಟಿ ಬಿಗಿಹಿಡಿದು ನಿಂತಿದ್ದ.

ವೇಟರ್ ತಿಲಕ್ ಕಿಟಕಿಯಲ್ಲಿ ತಲೆ ತೂರಿಸಿದ. “ಎಂತ ದೂಜಣ್ಣ, ಟೀವಿ ಸೀರಿಯಲ್ ಇನ್ನೂ ಮುಗೀಲಿಲ್ವಾ? ಹನ್ನೆರಡನೇ ಟೇಬಲಿನವನಿಗೆ ಕಾದು ಕಾದು ಗಡ್ಡ ಬಂತು ಮಾರಾಯ್ರೇ!”

“ಬರ್ಲಿ. ಅವನ ನಂಬರು ಇನ್ನೂ ಕೆಳಗುಂಟು.”

ಎಂಟು ದೋಸೆ ಹಿಡಿಯುವ ಆ ಉದ್ದನೆಯ ಕಾವಲಿಯ ಒಂದು ಮೂಲೆಯಲ್ಲಿ ಎರಡೇ ದೋಸೆ ಇದ್ದವು. ಉಳಿದ ಜಾಗ ಬರಿದಾಗಿ ಹೊಗೆಯಾಡುತ್ತಿತ್ತು. ಆ ಎರಡು ಕೆಂಪಗಾಗುವ ತನಕ ದೂಜಣ್ಣ ಕೈ ಕಟ್ಟಿ ನಿಂತ. ತೆಗೆದು ಕೊಟ್ಟು ಮುಂದಿನ ಮೇಜಿನದೊಂದು ಹೊಯ್ದ. ಹಿಟ್ಟು ಹರಡಲಿಲ್ಲ, ಸೌಟಿಗೇ ಅಂಟಿಕೊಂಡು ಮೇಲೆದ್ದಿತು. ಕೆರೆದು ಬಿಸಾಕಿ ಮತ್ತೆ ಹೊಯ್ದ.

“ಕಾಕಾ, ಇಷ್ಟು ಜಾಗಾ ಖಾಲಿ ಐತಲ್ರಿ. ಎಲ್ಲಾ ಕೂಡಿ ಯಾಕ ಹಾಕವಲ್ರಿ?”

“ಸ್ಕ್ರೀನಲ್ಲಿ ಬಂದ ಹಾಗೇ ಮಾಡಿ, ನಿಮ್ಮ ತಲೆ ಓಡಿಸ್ಬೇಡಿ ಅಂತ ಸಣ್ಣ ದಣಿ ಹೇಳಿದ್ದಾರಲ್ಲ ಅಕ್ಕೇ. ಮೇಲಿನದ್ದು ಮುಗಿಸಿ ಕೆಳಗಿನದ್ದು.”

“ಮೊದಲ ಹೆಂಗ ಮಾಡ್ತಿದ್ರಿ?”

ಅವನು ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಐದಾರು ಜನ ಕೂಗುವ ತನಕ ನಿಲ್ಲುದು. ಎಂಟು ಒಟ್ಟಿಗೆ ಹೊಯ್ಯುದು, ಎಂಟು ಒಟ್ಟಿಗೆ ತೆಗೆಯುದು. ಆಮೇಲೆ ನೀರು ಹೊಡೆದು ಹಿಡಿಸೂಡಿಯಲ್ಲಿ ಗುಡಿಸಿದ್ರೆ ಕಾವಲಿ ತಣ್ಣಗಾಗ್ತದೆ, ಮತ್ತೆ ಎಂಟು. ಈಗ ಯಾವಾಗ ನೋಡಿದ್ರೂ ಕಾವಲಿ ಮೇಲೆ ಒಂದೋ ಎರಡೋ ದೋಸೆ ಇರ್ತದೆ. ಅದರ ಪಕ್ಕ ನೀರು ಹೊಡೆದ್ರೆ ದೋಸೆಯಾ ಅದು, ಗಂಜಿಯಾ? ಹೊಡೆಯದಿದ್ರೆ ಕಾವಲಿ ಕಾದು ಹಿಟ್ಟು ಹರಡುದಿಲ್ಲ.”

“ಇದನ್ನ ಯಾರಿಗೂ ಹೇಳ್ಲಿಲ್ಲೇನ್ರಿ?”

“ಕೇಳಿದ್ದು ಯಾರು?” ಅಂದ ದೂಜಣ್ಣ. ಸೌಟಿಗಂಟಿದ ಹಿಟ್ಟು ಕೆರೆಯುತ್ತ, “ನನ್ನನ್ನು ರುಬ್ಬುವಲ್ಲಿಗೆ ಕಳಿಸ್ತಾರಂತೆ, ಹೌದಾ? ಹೋಟೆಲಿನಲ್ಲಿ ಗುಟ್ಟು ನಿಲ್ಲುದಿಲ್ಲ. ಅದು ಕಿವಿಗೆ ಬಿದ್ದ ಮೇಲಂತೂ ಒಂದು ನಂಬರೂ ಆಚೀಚೆ ಮಾಡ್ಲಿಲ್ಲ ನಾನು” ಅಂದ.

ಮಾಧುರಿಗೆ ಈಗ ಅರ್ಥವಾಯಿತು. ಕೆಲಸ ಉಳಿಸಿಕೊಳ್ಳಬೇಕೆಂದು ಅವನು ಪರದೆಯ ಮಾತನ್ನು ಅಕ್ಷರಶಃ ಪಾಲಿಸಿದ್ದ. ಹಾಗೆ ಪಾಲಿಸಿದ್ದೇ ಅವನಿಗೆ ಮುಳುವಾಗಿತ್ತು. ಅವಳಾದರೋ ಗಲ್ಲಾಪೆಟ್ಟಿಗೆಯ ಹತ್ತಿರ ಎರಡು ದಿನ ಕೂತು ಎಲ್ಲ ವಿಚಾರಿಸಿಕೊಂಡಿದ್ದಳು, ಅಡುಗೆಮನೆಯಲ್ಲಿ ವೈರು ಎಳೆಯುವಷ್ಟು ಹೊತ್ತು ಮಾತ್ರ ನಿಂತಿದ್ದಳು. ಮನೆಯಲ್ಲಿ ಮಗನಿಗೊಂದು, ಗಂಡನಿಗೊಂದು ಹೊಯ್ದು ಕೊಟ್ಟ ಕೈ ಅವಳದು. ದೋಸೆಯೆಂದರೆ ಒಂದಾದ ಮೇಲೊಂದು ಎಂದೇ ಅವಳು ತಿಳಿದಿದ್ದಳು.

ಲ್ಯಾಪ್‌ಟಾಪ್ ತೆರೆದಳು. ಮೇಜಿನ ಲೆಕ್ಕ ತೆಗೆದು ತಿಂಡಿಯ ಲೆಕ್ಕದಲ್ಲಿ ತೋರಿಸುವುದು ಹತ್ತು ನಿಮಿಷದ ಕೆಲಸ. ಪರದೆ ಒಮ್ಮೆ ಕಪ್ಪಾಗಿ ಹೊತ್ತಿಕೊಂಡಿತು: ಸಾದಾ ಐದು, ಮಸಾಲಾ ಮೂರು. ಮೇಜಿನ ನಂಬರುಗಳು ಪಕ್ಕದಲ್ಲಿ ಸಣ್ಣಗೆ.

“ಈಗ ಹಾಕ್ರಿ ಕಾಕಾ, ನಿಮ್ಮ ತಲಿ ಓಡಿಸಿ.”

ದೂಜಣ್ಣ ಸೌಟು ಮುಟ್ಟಲಿಲ್ಲ. “ಸಣ್ಣ ದಣಿ ಹೇಳ್ಲಿ.”

ಆ ಹೋಟೆಲಿನಲ್ಲಿ ಮೊದಲಿನಿಂದಲೂ ಹಾಗೆಯೇ. ಗಲ್ಲಾಪೆಟ್ಟಿಗೆಯಿಂದ ಬಂದ ಮಾತನ್ನು ಗಲ್ಲಾಪೆಟ್ಟಿಗೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಮಾಧುರಿ ಹೋಗಿ ರೋಶನ್‌ನನ್ನು ಕರೆತಂದಳು. ಅವನು ಬಾಗಿಲಲ್ಲೇ ನಿಂತು ಗಡಿಯಾರ ನೋಡಿದ.

“ಬೇಗ ಹೇಳಿ, ಹೊರಗೆ ಜನ ಬೊಬ್ಬೆ ಹಾಕ್ತಿದ್ದಾರೆ.”

ಅವಳು ನೀರು, ಹಿಡಿಸೂಡಿ, ಎಂಟು ದೋಸೆ ಎಲ್ಲ ವಿವರಿಸಿದಳು. ಕೇಳಿದ ರೋಶನ್‌ನ ಹುಬ್ಬು ಗಂಟಿಕ್ಕಿತು.

“ಹಾಗಾದ್ರೆ ಇಷ್ಟು ಗಿರಾಕಿಗಳು ಬೈದು ಹೋದದ್ದು ಯಾರಿಂದ ಮೇಡಂ? ಇವರಿಂದ ಅಲ್ವಾ?”

ತಿಲಕ್ ಕಿಟಕಿಯಲ್ಲಿ ತಟ್ಟೆ ಹಿಡಿದು ಕಿವಿಯಾಗಿ ನಿಂತಿದ್ದ. ಕೆಲಸ ಕಾಯಂ ಆಗಲು ಕಳೆಯಬೇಕಾದ ಆರು ತಿಂಗಳಲ್ಲಿ ಇನ್ನೂ ಎರಡು ಬಾಕಿ ಇದ್ದದ್ದು ಅವಳಿಗೆ ನೆನಪಾಯಿತು.

“ಇಲ್ರಿ, ನನ್ನಿಂದ. ಕಾಕಾನ ಕೆಲಸಾ ನೋಡದನ ಮಷೀನ್ ಕೂಡ್ಸಿದೆ. ರಿಪೋರ್ಟಿನ್ಯಾಗೂ ಹಂಗ ಬರೀತೇನಿ.”

ರೋಶನ್ ಅವಳನ್ನೂ ಕಾವಲಿಯನ್ನೂ ನೋಡಿದ. “ನಿಮಗೆ ಹೇಗೆ ಬೇಕೋ ಹಾಗೆ ಹೊಯ್ಯಿರಿ ದೂಜಣ್ಣ” ಅಂದ, ಸ್ವಲ್ಪ ಬಿಗುವಾಗಿಯೇ.

ನೀರು ಬಿದ್ದು ಚೊಯ್ಯೆಂದಿತು. ಹಿಡಿಸೂಡಿ ಈ ತುದಿಯಿಂದ ಆ ತುದಿಗೆ ಓಡಿತು. ಎಂಟು ಸೌಟು ಹಿಟ್ಟು ಎಂಟು ಕಡೆ ಬಿದ್ದು, ಎಂಟೂ ಸುತ್ತು ಸುತ್ತಾಗಿ ಹರಡಿಕೊಂಡವು. ಎರಡನೆಯ ಸುತ್ತಿಗೂ ಕೆಂಪು ಸಾಲುಗಳು ಪೂರ್ತಿ ಹೋಗಲಿಲ್ಲ. ಮೂರನೆಯದಕ್ಕೆ ಎರಡೇ ಉಳಿದವು. ತಿಲಕ್ ಎರಡೂ ತೋಳಿನ ಮೇಲೆ ತಟ್ಟೆ ಪೇರಿಸಿಕೊಂಡು ಓಡಿದ.

ರೋಶನ್ ಇನ್ನೂ ಬಾಗಿಲಲ್ಲೇ ಇದ್ದ. ದೂಜಣ್ಣ ಮುಖ ತಿರುಗಿಸದೆ ಕೇಳಿದ, “ಸೋಮವಾರ ನಾನು ಎಲ್ಲಿ ನಿಲ್ಲಬೇಕು ದಣಿ?”

ರೋಶನ್‌ನ ಕಿವಿ ಕೆಂಪಗಾಯಿತು. “ಇಲ್ಲೇ. ಮತ್ತೆ ಎಲ್ಲಿ?” ಎಂದವನೇ ಹೊರಟುಹೋದ.

ಮಾಧುರಿ ಅಕ್ಕಿಮೂಟೆಯ ಮೇಲೆ ಕೂತು ವರದಿ ತೆರೆದಳು. ‘ಬಳಸುವವರಿಂದ’ ಎಂಬುದನ್ನು ದಾಟಿ ‘ನಮ್ಮಿಂದ’ ಎಂಬಲ್ಲಿಗೆ ಬಂದಳು. ಒತ್ತಿದಳು, ಕಳಿಸಿದಳು. ಮೇಲಿನವರ ಫೋನು ಸಂಜೆಯೊಳಗೆ ಬರುತ್ತದೆ, ಬರಲಿ.

“ಅಕ್ಕೇ” ಎಂದು ಕಾವಲಿಯ ಕಡೆಯಿಂದ ದನಿ ಬಂತು. ಈ ಸಲ ಅದು ತಗ್ಗಿರಲಿಲ್ಲ. “ಮಧ್ಯಾಹ್ನ ರಶ್ಶಿನಲ್ಲಿ ಆರು ನಿಮಿಷಕ್ಕೇ ಕೆಂಪು ಮಾಡಿದ್ರೆ ಹೇಗೆ? ಅದನ್ನು ಸ್ವಲ್ಪ ಮುಂದೆ ಹಾಕ್ಲಿಕ್ಕೆ ಆಗ್ತದಾ?”

ಮಾಧುರಿ ಎದ್ದು, ಪೆನ್ನು ಪುಸ್ತಕ ಹಿಡಿದು ಅವನ ಪಕ್ಕದಲ್ಲಿ ನಿಂತಳು.

“ಎಷ್ಟ ಬೇಕ್ರಿ ಕಾಕಾ, ಹೇಳ್ರಿ.”