ಮೋಮಿಯ ಗಂಟಲಿನ ಸೈರನ್

ಹನಿ ಹನಿ ಕೂಡಿದರೆ ಹಳ್ಳ, ವೆನಿಸ್ಸಿನಲ್ಲಿ ಕೂಡಿದರೆ ಅಡುಗೆಮನೆಯೇ ಹಳ್ಳ. ಗಾದೆ ತುಸು ನೆನೆದಿದೆ, ಒಪ್ಪಿದೆ. ಕಥೆ ಮಾತ್ರ ಬಿಸಿಲಿಗೆ ಒಣಗಿಸಿದಷ್ಟು ನಿಜ.

ಮೋಮಿಯ ವೈನಂಗಡಿಗಿಂತ ಅವನ ಗಂಟಲಿಗೇ ಹೆಸರು ಹೆಚ್ಚು. ಪಾದ್ರಿಯ ಕೆಮ್ಮು, ಎದುರುಮನೆಯವಳ ಸೀನು, ದೋಣಿ ಕಟ್ಟೆಗೆ ಉಜ್ಜುವ ಕಿರುಚಲು, ಎಲ್ಲವೂ ಅದರೊಳಗೆ ಬಾಡಿಗೆಗಿದ್ದವು. ಆ ನವೆಂಬರಿನ ಮಧ್ಯಾಹ್ನ ಜಡಿಮಳೆಯಲ್ಲಿ ಬಾಗಿಲಿಗೆ ಬಂದು ಕೊಡೆ ಕೊಡವಿದವನು ಎರ್ಮೊಲಾವೊ. ಮೋಮಿಯ ಜೊತೆ ದೋಣಿಗೆ ಹುಟ್ಟು ಹಾಕಿ ಬೆಳೆದವನು, ಮೀಸೆ ಕಪ್ಪಗಿದ್ದಾಗಲೇ ಟುರಿನ್ನಿನ ಕಾರ್ಖಾನೆ ಸೇರಿದವನು. ಟ್ರಿಯೆಸ್ಟೆಗೆ ಹೋಗುವ ದಾರಿಯಲ್ಲಿ, ಮುಂದಿನ ರೈಲಿಗೆ ಇನ್ನೂ ಹೊತ್ತಿದೆಯೆಂದು ಇಳಿದು ಬಂದಿದ್ದ.

ಬಂದ ಕಾರಣ ಮೂಲೆಯ ಮೇಜಿನಲ್ಲಿ ಕೂತಿತ್ತು: ಝನೆಟ್ಟಾ ಮುದುಕಿ. ಅಂಗಡಿಯ ಮೇಲಿನ ಖಾಲಿ ಮನೆ ಅವಳದು. ನಿವೃತ್ತನಾದ ಎರ್ಮೊಲಾವೊ ಊರಿಗೆ ಮರಳಬೇಕೆಂದರೆ ಅವನಿಗೆ ಎಟಕುವ ಬಾಡಿಗೆಯ ಮನೆ ಅದೊಂದೇ.

"ಊರವರಿಗೆ ಮಾತ್ರ ಕೊಡೋದು ಕಣಪ್ಪಾ," ಎಂದಳು ಅವಳು. "ನಾಲ್ಕು ದಿನ ಫೋಟೋ ಹೊಡ್ಕೊಂಡು ಹೋಗೋರಿಗಲ್ಲ."

"ನಾನು ಊರವನಲ್ವಾ ಅಮ್ಮಾ? ನನ್ನ ಮೈ ಕುಯ್ದ್ರೆ ರಕ್ತ ಬರಲ್ಲ, ಕಾಲುವೆ ನೀರೇ ಬರೋದು!"

"ಹಾಗಾದ್ರೆ ಮೊದ್ಲು ಡಾಕ್ಟರ ಹತ್ರ ಹೋಗು ಮಾರಾಯ," ಎಂದ ಮೋಮಿ.

ಇಷ್ಟಾದ ಮೇಲೆ ಮೋಮಿಯ ಗಂಟಲು ತುರಿಸದೆ ಇದ್ದೀತೇ? ಗ್ಲಾಸು ತೊಳೆಯುವ ನೆಪದಲ್ಲಿ ಒಳಗೆ ಹೋಗಿ, ಸಮುದ್ರ ಉಕ್ಕುವಾಗ ಊರಿಗೆಲ್ಲ ಕೇಳಿಸುವ ಸೈರನ್ನಿನ ದನಿ ತೆಗೆದ. ಮೊದಲು ಉದ್ದನೆಯ ಒಂದು ಸ್ವರ, ಆಮೇಲೆ ಮೆಟ್ಟಿಲು ಹತ್ತುವ ಸ್ವರಗಳು. ಮೆಟ್ಟಿಲು ಹೆಚ್ಚಾದಷ್ಟೂ ನೀರು ಹೆಚ್ಚು.

ಎರ್ಮೊಲಾವೊ ಈರುಳ್ಳಿ ಹಾಕಿದ ಬೂತಾಯಿ ಮೀನನ್ನು ನಿಶ್ಚಿಂತೆಯಿಂದ ಅಗಿಯುತ್ತಿದ್ದ. "ಯಾರೋ ಅದು ಕೊಳಲು ಕಲೀತಿರೋದು? ಪಾಪ, ಇನ್ನೂ ಕೈ ಕೂತಿಲ್ಲ."

ಅಂಗಡಿ ಗೊಳ್ಳೆಂದಿತು. ಝನೆಟ್ಟಾ ಮಾತ್ರ ನಗದೆ ತಲೆವಸ್ತ್ರ ಕಟ್ಟಿಕೊಂಡಳು. "ನೆರೆ ಸೈರನ್ನೇ ಗೊತ್ತಿಲ್ಲ! ಊರವನಂತೆ, ಊರವನು! ರೈಲು ತಪ್ಪೀತು, ಹೋಗಪ್ಪಾ."

ಎರ್ಮೊಲಾವೊನ ಮುಖ ನೆನೆದ ಬ್ರೆಡ್ಡಾಯಿತು. ಕೊಡೆ ಎತ್ತಿಕೊಂಡು ಬಾಗಿಲ ಕಡೆ ತಿರುಗಿದ.

ಆಗ ಮೋಮಿಗೆ ಹೊಳೆಯಿತು: ಈ ಸ್ವರದ ಸೈರನ್ ಬಂದದ್ದೇ ಇವನು ಊರು ಬಿಟ್ಟ ಮೇಲೆ. ಇವನ ಕಾಲದಲ್ಲಿ ಗಂಟೆಗೋಪುರದ ಮೇಲಿಂದ ಊಳಿಡುತ್ತಿದ್ದುದು ಯುದ್ಧಕಾಲದ ಹಳೆಯ ಸೈರನ್. ಬಾಯಿಮಾತಿನಲ್ಲಿ ಹೇಳಿದರೆ ಮುದುಕಿ ನಂಬುವವಳಲ್ಲ. ಆದರೆ ಮೋಮಿಗೆ ತನ್ನ ಗಂಟಲ ಮೇಲೆ ಎಂದೂ ಅನುಮಾನವಿರಲಿಲ್ಲ. ಎದೆ ತುಂಬ ಉಸಿರೆಳೆದ.

ಊಊಊಉಉ...

ಎರ್ಮೊಲಾವೊನ ಕೊಡೆ ನೆಲಕ್ಕೆ ಬಿತ್ತು. 'ಇದು ಮೋಮಿಯ ಆಟ' ಎಂದು ಬುದ್ಧಿ ಹೇಳುವ ಮೊದಲೇ ಕೈಗಳು ಕೆಲಸಕ್ಕೆ ಬಿದ್ದಿದ್ದವು. ಗೋಡೆಗೊರಗಿದ್ದ, ನೆರೆನೀರು ತಡೆಯುವ ಹಲಗೆಯನ್ನು ಬಾಗಿಲ ಚೌಕಟ್ಟಿನ ಸೀಳಿಗೆ ಇಳಿಸಿ ಮೊಣಕಾಲಿನಿಂದ ಗುದ್ದಿ ಬಿಗಿಮಾಡಿದ. ಫ್ರಿಜ್ಜಿನ ಪ್ಲಗ್ ಕಿತ್ತ. ಅಕ್ಕಿಮೂಟೆ ಗಲ್ಲಾಕಟ್ಟೆಯ ಮೇಲೆ, ಕುರ್ಚಿಗಳು ಮೇಜಿನ ಮೇಲೆ, ಬೆಕ್ಕು ಝನೆಟ್ಟಾಳ ಮಡಿಲಿಗೆ.

"ಅಮ್ಮಾ, ಕಾಲು ಮೇಲೆ! ಏಯ್ ಸೋಮಾರಿಗಳಾ, ವೈನ್ ಎತ್ರೋ ಮೊದ್ಲು!"

ಅಮ್ಮನ ಕಾಲು ಆಗಲೇ ಬೆಂಚಿನ ಮೇಲಿತ್ತು. ಆ ಕೂಗನ್ನು ಅವಳ ಮೈಯೂ ಮರೆತಿರಲಿಲ್ಲ.

ಷೂ ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ತೂಗಿಕೊಂಡು, ಪ್ಯಾಂಟು ಮಂಡಿಗೇರಿಸಿದ ಮೇಲೆಯೇ ಎರ್ಮೊಲಾವೊ ತಲೆಯೆತ್ತಿದ್ದು. ಹೊರಗೆ ಬರೀ ಮಳೆ. ಗಲ್ಲಾಕಟ್ಟೆಯ ಹಿಂದೆ ಮೋಮಿಯ ಕೆನ್ನೆಗಳು ಇನ್ನೂ ಉಬ್ಬಿಕೊಂಡೇ ಇದ್ದವು.

ಝನೆಟ್ಟಾ ಎದ್ದು ಹೋಗಿ ಹಲಗೆಯನ್ನು ಅಲ್ಲಾಡಿಸಿ ನೋಡಿದಳು. ಅದು ಜಗ್ಗಲಿಲ್ಲ. "ಈಗಿನ ಹುಡುಗರಿಗೆ ಇಷ್ಟು ಬಿಗಿಯಾಗಿ ಹಾಕೋಕೆ ಬರಲ್ಲ," ಎಂದು ಮೇಲಿನ ಮನೆಯ ಬೀಗದಕೈಯನ್ನು ಅವನ ಅಂಗೈಗೆ ತುರುಕಿದಳು. "ಯಾವಾಗ ಬರ್ತೀಯೋ?"

ಅವನು ಉತ್ತರ ಕೊಡಬೇಕಿತ್ತು, ರೈಲು ಬೇರೆ ಹಿಡಿಯಬೇಕಿತ್ತು. ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊರಳಲ್ಲಿ ಷೂಮಾಲೆ ಹಾಕಿಕೊಂಡ ಎರ್ಮೊಲಾವೊ ತಾನೇ ಬಿಗಿದ ಹಲಗೆಯ ಮೇಲೆ ಕುಸಿದು ಕೂತು, ಮೋಮಿಯ ಸೈರನ್ನೂ ಸಣ್ಣದೆನಿಸುವಂತೆ ನಗುತ್ತಿದ್ದ.